ಲಾವಣಿಗೆ ಬಂದ ಗಿಳಿ

ಗಂಗಪ್ಪ ತಂದಿದ್ದ ಸೀರೆಗಳ ಗಂಟನ್ನು ದತ್ತು ಬಿಚ್ಚಲೇ ಇಲ್ಲ. ತಾನೇ ಒಳಗಿನಿಂದ ಎರಡು ಸೀರೆ ತಂದು, ಅಂಗಡಿಯ ಬಿಳಿ ಗಾದಿಯ ಮೇಲೆ ಸೆರಗು ಹರವಿದ.

“ಗಂಗಪ್ಪ ಕಾಕಾ, ಈ ಎರಡರಾಗ ನಿಮ್ಮದು ಯಾವದು, ಹೇಳ್ರಿ ನೋಡೂಣು.”

ಗಂಗಪ್ಪನಿಗೆ ನಗು ಬಂತು. ಹತ್ತು ವರ್ಷದಿಂದ ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಅದೇ ಗಿಳಿಯನ್ನು ನೇಯ್ದವನಿಗೆ ಇದೆಂಥ ಪರೀಕ್ಷೆ! ಹಿಂದಕ್ಕೆ ಕತ್ತು ತಿರುವಿ, ಕೊಕ್ಕಿನಲ್ಲಿ ಮೊಗ್ಗು ಕಚ್ಚಿಕೊಂಡು, ಸೆರಗಿನುದ್ದಕ್ಕೂ ಸಾಲಾಗಿ ಕೂತ ಗಿಳಿ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಅವನ ಮನೆಗೆ ‘ಗಿಳಿ ಮನಿ’ ಎಂದೇ ಹೆಸರು. ಅಂಚೆಯವನೂ ಹಾಗೆಯೇ ಕೇಳಿಕೊಂಡು ಬರುತ್ತಿದ್ದ.

ನಗುತ್ತಲೇ ಬಾಗಿದ ಗಂಗಪ್ಪ ಬಾಗಿದ ಹಾಗೆಯೇ ನಿಂತ. ಎಡಗಡೆಯ ಸೀರೆಯಲ್ಲೂ ಗಿಳಿ, ಬಲಗಡೆಯ ಸೀರೆಯಲ್ಲೂ ಗಿಳಿ. ಅದೇ ಕತ್ತು, ಅದೇ ಕೊಕ್ಕು, ಮೊಗ್ಗಿನ ತೊಟ್ಟಿನ ಅದೇ ಕೊಂಕು. ಬಟ್ಟೆಯನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದ ಮೇಲೆ ಮಾತ್ರ ತಿಳಿಯಿತು.

“ಇದು ನಂದು” ಎಂದ. “ಅದು ಯಾರ್ದಪಾ?”

“ಅದು ಕರೆಂಟಿನ ಮಗ್ಗದ್ದು. ಹೋದ ವಾರ ಒಬ್ಬ ವ್ಯಾಪಾರಿ ಗಾಡಿಗಟ್ಟಲೆ ತಂದು ಇಳಿಸಿದ. ಎಲ್ಲಿ ಮಾಲು ಅಂತ ಕೇಳಿದರ, ಹೆಣ್ಣು ನೋಡಾಕ ಬಂದೀರೋ ಊರು ಕೇಳಾಕ ಬಂದೀರೋ ಅಂತಾನ. ನಿಮ್ಮದರ ಅರ್ಧಾ ಬೆಲಿ, ಕಾಕಾ. ನಾ ನಿಮ್ಮವು ತಗೊಂಡು ಎಲ್ಲಿ ಇಡ್ಲಿ?”

ಗಂಗಪ್ಪನ ಎದೆಯೊಳಗೆ ಎಲ್ಲೋ ಲಾಳಿ ಹಾಸಿನ ಎಳೆಗಳ ನಡುವೆ ಸಿಕ್ಕಿಕೊಂಡ ಹಾಗಾಯಿತು. ಅತ್ತಲೂ ಹೋಗದು, ಇತ್ತಲೂ ಬಾರದು.

“ಮನಿಗೆ ಒಯ್ದು ನೋಡ್ರಿ” ಎಂದು ದತ್ತು ಆ ಸೀರೆಯನ್ನು ಅವನ ಗಂಟಿನ ಮೇಲಿಟ್ಟ. “ನಿಮ್ಮ ಗಿಳಿಗೆ ಅವಳಿ ಹುಟ್ಟೇತಿ.”

ದಾರಿಯುದ್ದಕ್ಕೂ ಗಂಗಪ್ಪನ ಕಣ್ಣ ಮುಂದೆ ಒಂದೇ ಮುಖ. ಮೋಸೆಸ್ ಮಾಸ್ತರರದು.

ಮೋಸೆಸ್ ಮಾಸ್ತರರು ಹಿಂದೆ ಒಂದು ಮಿಶನ್ ನೇಯ್ಗೆ ಶೆಡ್ಡಿನಲ್ಲಿ ನಕ್ಷೆ ತೆಗೆಯುವವರಾಗಿದ್ದರು. ಅದು ಮುಚ್ಚಿದ ಮೇಲೆ ಮನೆಯಲ್ಲೇ ಚೌಕಳಿ ಕಾಗದದ ಮೇಲೆ ಹೂವು ಬಳ್ಳಿ ಬರೆದು, ಅದಕ್ಕೆ ತಕ್ಕಂತೆ ರಟ್ಟಿಗೆ ತೂತು ಹೊಡೆದು ಕೊಡುತ್ತಿದ್ದರು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಲಾಳಿಯ ಒಂದು ಓಟಕ್ಕೆ ಒಂದು ರಟ್ಟು. ಅಂಥ ನೂರಾರು ರಟ್ಟನ್ನು ದಾರದಲ್ಲಿ ಪೋಣಿಸಿ ಮಗ್ಗದ ನೆತ್ತಿಯ ಮೇಲೆ ತೂಗಿಬಿಟ್ಟರೆ, ಕೆಳಗೆ ಕೂತವನು ಗಿಳಿಯ ಯೋಚನೆ ಮಾಡಬೇಕಾಗಿಲ್ಲ. ರಟ್ಟಿನ ಸರವೇ ಹೇಳುತ್ತದೆ, ಮಗ್ಗ ಕೇಳುತ್ತದೆ.

ಹತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ಮೂರರಲ್ಲಿ, ಗಂಗಪ್ಪ ಆ ಗಿಳಿಗೆ ಮನಸೋತು ಮಾಸ್ತರರ ಬಾಗಿಲಿಗೆ ಹೋಗಿದ್ದ. ಪೂರಾ ಖರೀದಿ ಮಾಡಿದರೆ ಗಿಳಿ ನಿನ್ನದು, ಯಾರಿಗೆ ಬೇಕಾದರೂ ಕೊಡು, ಎಷ್ಟು ಮಗ್ಗಕ್ಕಾದರೂ ಹಚ್ಚು ಎಂದರು ಮಾಸ್ತರರು. ಅಷ್ಟು ಶಕ್ತಿ ಗಂಗಪ್ಪನಲ್ಲಿರಲಿಲ್ಲ. “ಹಂಗಾರ ಲಾವಣಿ ಹಾಕ್ಕೊ” ಎಂದು, ಹೊಲವನ್ನು ಗೇಣಿಗೆ ಕೊಟ್ಟ ಹಾಗೆ, ವರ್ಷಕ್ಕೊಂದು ಸೀರೆ ಕ್ರಿಸ್ಮಸ್ ಹಬ್ಬಕ್ಕೆ ಕೊಟ್ಟರೆ ಸಾಕೆಂದು, ಒಂದು ಕಾಗದ ಬರೆದುಕೊಟ್ಟರು. “ಈ ಊರಾಗ ಈ ಗಿಳಿ ನಿನ್ನ ಮಗ್ಗದ ಮ್ಯಾಲೆ ಬಿಟ್ಟು ಬ್ಯಾರೆ ಕಡೆ ಕೂಡೂದಿಲ್ಲ” ಎಂದು ಬಾಯಿಮಾತಿನಲ್ಲೂ ಹೇಳಿದ್ದರು. ಪ್ರಾರ್ಥನೆ ಮಾಡದೆ ತುತ್ತು ಎತ್ತದ ಮನುಷ್ಯ. ಅವರೇ ಮಾತಿಗೆ ತಪ್ಪಿದರೆ?

ಗಿಳಿ ತನ್ನ ಮಗ್ಗದ ಮೇಲೆ ಉಳಿಯುತ್ತದೆಯೋ ಇಲ್ಲವೋ. ಗಂಗಪ್ಪನಿಗೆ ಅಂದು ಲೋಕದಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲ.

ಮನೆಗೆ ಬಂದರೆ ಉಣಕಲ್ಲಿನಿಂದ ಹೆಂಡತಿಯ ಅಣ್ಣ ಯಮನಪ್ಪ ಬಂದು ಕೂತಿದ್ದ. ಶೇವಂತೆವ್ವ ಅಣ್ಣನಿಗೆ ಅವಲಕ್ಕಿ ಕೊಡಲು ಬಂದು, ಗಂಡನ ಮುಖ ನೋಡಿದವಳೇ ತಟ್ಟೆಯನ್ನು ಕೆಳಗಿಟ್ಟಳು.

“ಯಾಕ್ರೀ, ಮಾರಿ ಹಿಂಗ್ಯಾಕಾಗೇತಿ?”

ಗಂಗಪ್ಪ ದತ್ತು ಕೊಟ್ಟ ಸೀರೆ ಹರವಿದ. ಶೇವಂತೆವ್ವ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಮಗ್ಗದ ಮೇಲಿದ್ದುದನ್ನು ನೋಡಿದಳು. “ಅಯ್ಯ ನನ್ನವ್ವಾ! ಮಾಸ್ತರು ಇನ್ನೊಬ್ಬರಿಗೆ ಕೊಟ್ಟಾರ?”

ಯಮನಪ್ಪ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಕಾಯ್ದೆಯ ಮಾತು ಬಂದರೆ ಅವನಿಗೆ ಹುರುಪು. ಉಣಕಲ್ಲಿನಲ್ಲಿ ಅವನ ಅಪ್ಪ ಲಾವಣಿ ಮಾಡಿಕೊಂಡಿದ್ದ ಎರಡು ಎಕರೆ ಕರಿಮಣ್ಣಿನ ಎರಿ ಹೊಲ ಗೇಣಿದಾರರ ಕುಳಕಾಯ್ದೆಯ ಮೇಲೆ ಇವನ ಹೆಸರಿಗೇ ಆಗಿತ್ತು. ಆರು ವರ್ಷ ಉತ್ತವನನ್ನು ಎಬ್ಬಿಸುವಂತಿಲ್ಲ ಎಂಬ ಒಂದು ಮಾತನ್ನು ಅವನು ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡೇ ತಿರುಗುತ್ತಿದ್ದ.

“ಅವರು ಕೊಡಾಕ ಅದು ಅವರದರ ಎಲ್ಲೈತಿ, ಗಂಗಪ್ಪ?” ಎಂದ. “ನಾ ನಿನಗ ಐವತ್ತೊಂಬತ್ತರಾಗ ಹೇಳಿದ್ನಿಲ್ಲ? ಕಾಗದದಾಗ ಏನಂತ ಬರದಾರ? ಲಾವಣಿ ಅಂತ. ಆರು ವರ್ಷ ದಾಟೇತಿ. ಗಿಳಿ ನಿಂದು. ಕಚೇರಿಗೆ ಹೋಗಿ ಹೆಸರು ಹಚ್ಚಿಸಿಕೊಂಡು ಬಾ. ಆಮ್ಯಾಲ ಬ್ಯಾರೆಯವರು ನೇಯ್ದರ ನೋಡೂಣು.”

“ಹೊಲದ ಕಾಯ್ದೆ ಗಿಳಿಗೂ ಹತ್ತತೈತೇನಣ್ಣಾ?” ಎಂದಳು ಶೇವಂತೆವ್ವ.

“ನೀ ಸುಮ್ನಿರ. ಲಾವಣಿ ಅಂದ್ರ ಲಾವಣಿ. ಹೊಲಕ್ಕೊಂದು, ಗಿಳಿಗೊಂದು ಲಾವಣಿ ಇರತೈತೇನು?”

ಗಂಗಪ್ಪ ಎದ್ದು ಗೋಡೆಯಲ್ಲಿದ್ದ ದೇವರ ಮಾಡಕ್ಕೆ ಕೈಯಿಟ್ಟು ಕಾಗದ ತೆಗೆದ. ಹತ್ತು ವರ್ಷದಿಂದ ಅದು ಅಲ್ಲಿಯೇ ಇತ್ತು. ಹಬ್ಬಹುಣ್ಣಿವೆಗೆ ದೇವರಿಗೆ ಏರಿಸಿದ ಕುಂಕುಮದಲ್ಲಿ ಒಂದು ಬೊಟ್ಟು ಅದಕ್ಕೂ ಹಚ್ಚುವುದು ಮನೆಯ ರೂಢಿ. ಅವನಿಗೆ ಓದಲು ಬರುತ್ತಿತ್ತು, ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುತ್ತಿದ್ದವನೇ. ಆದರೆ ಆ ಕಾಗದದ ಮೊದಲ ಸಾಲಿನಾಚೆ ಅವನು ಎಂದೂ ಹೋಗಿರಲಿಲ್ಲ. ಒಬ್ಬ ಸಜ್ಜನ ಕೈಯಾರೆ ಬರೆದು ಕೊಟ್ಟದ್ದನ್ನು ಸಾಲುಸಾಲಾಗಿ ಓದಿ ನೋಡುವುದೆಂದರೆ, ಉಣ್ಣಲು ಕರೆದವರ ಮನೆಯಲ್ಲಿ ಅನ್ನವನ್ನು ಮೂಸಿ ನೋಡಿದ ಹಾಗೆ ಎಂದು ಅವನ ತಿಳಿವಳಿಕೆ.

ಮರುದಿನ ಮುಂಜಾನೆ ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತ ಮಡಿವಾಳಪ್ಪನ ಮೇಜಿನ ಮುಂದೆ ಅವನ ಸರತಿ ಬಂತು. ಮಡಿವಾಳಪ್ಪ ಹಾಳೆಯಿಂದ ತಲೆಯೆತ್ತಲಿಲ್ಲ.

“ಏನು ಕೆಲಸ?”

“ಲಾವಣೀದ್ರಿ.”

“ಹಾಡಾಕ ಬಂದೀರೇನು?” ಪಕ್ಕದ ಮೇಜಿನವರು ನಕ್ಕರು. “ಇರ್ಲಿ, ಹೇಳ್ರಿ. ಯಾವ ಊರು? ಸರ್ವೆ ನಂಬರು ಎಷ್ಟು?”

“ಊರು ಕಮರಿಪೇಟಿನ ರಿ. ನಂಬರಿಲ್ಲ.”

“ನಂಬರಿಲ್ಲದ ಹೊಲ ಎಲ್ಲೈತ್ರಿ? ಚಕ್ಕಬಂದಿ ಹೇಳ್ರಿ. ಪೂರ್ವಕ್ಕ ಯಾರ್ದೈತಿ?”

ಗಂಗಪ್ಪ ಕಣ್ಣು ಮುಚ್ಚಿ ತನ್ನ ಮಗ್ಗವನ್ನು ನೆನೆದುಕೊಂಡ. ಸುಳ್ಳು ಹೇಳಬಾರದು. “ಪೂರ್ವಕ್ಕ ಕಿಡಕಿ ಐತ್ರಿ. ಪಶ್ಚಿಮಕ್ಕ ನೀರಿನ ಹರವಿ.”

ಮಡಿವಾಳಪ್ಪ ಈಗ ತಲೆಯೆತ್ತಿದ. ಗೇಲಿ ಮಾಡುವವನ ಮುಖವಲ್ಲ ಅದು ಎಂದು ಅವನಿಗೆ ತಿಳಿಯಿತು. ಕೈ ಚಾಚಿ ಕಾಗದ ತೆಗೆದುಕೊಂಡ.

“ಇದೇನ್ರಿ, ಇದಕ್ಕ ಕುಂಕುಮ ಹಚ್ಚೀರಲ್ಲ! ಅಕ್ಷರ ಕಾಣವಲ್ವು.” ಉಗುರಿನಿಂದ ಮೆಲ್ಲಗೆ ಕೆರೆದು, ಬೆಳಕಿಗೆ ಹಿಡಿದು, ಜೋರಾಗಿ ಓದತೊಡಗಿದ. “‘ಸದರಿ ಗಿಳಿ ನಕ್ಷೆಯನ್ನು ಕಮರಿಪೇಟೆಯ ಗಂಗಪ್ಪನಿಗೆ ವರ್ಷಕ್ಕೊಂದು ಸೀರೆಗೆ ಲಾವಣಿಯಾಗಿ ಕೊಟ್ಟಿದೆ.’ ಗಿಳಿ? ಇದು ಗಿಳೀದೇನ್ರಿ?”

“ಹೌದ್ರಿ. ಆರು ವರ್ಷ ದಾಟೇತ್ರಿ. ಹತ್ತಾಗೇತಿ.”

“ನಿಮ್ಮದಾಗೇತಿ ಅಂತೀರಿ. ಮತ್ತ ವರ್ಷಾ ಸೀರಿ ಕೊಡೂದು ಬಿಟ್ಟೀರೇನು?”

“ಇಲ್ರೀ. ಹಬ್ಬಕ್ಕ ಕೊಡತೇನಿ. ಬಿಡಾಕ ಮನಸಾಗಲಿಲ್ಲ.”

“ಭಾರಿ ಮಂದಿ ನೀವು” ಎಂದು ಮಡಿವಾಳಪ್ಪ ಮುಂದೆ ಓದಿದ. “‘ಎರಡನೆಯದು: ಒಂದು ಮನೆ, ಒಂದು ಮಗ್ಗ. ಮೂರನೆಯದು: ರಟ್ಟುಗಳ ಪ್ರತಿ ತೆಗೆಯಕೂಡದು, ತೆಗೆಯಲು ಯಾರಿಗೂ ಕೊಡಕೂಡದು. ತೆಗೆದಲ್ಲಿ ಲಾವಣಿಯು ಅದೇ ದಿನ ತಾನಾಗಿಯೇ ಮುರಿದುಹೋಗುವುದು.’ ಅಷ್ಟ. ಕೆಳಗ ಸಹಿ. ಅಜ್ಜಾರ, ಕುಳಕಾಯ್ದೆ ನೆಲಕ್ಕ. ಈ ಗಿಳಿಗೆ ಸರಕಾರದಾಗ ಜಾಗ ಇಲ್ಲ. ಕಾಗದದಾಗ ಏನೈತಿ ಅಷ್ಟ ಖರೇ.”

“ಮೂರನೇದ್ದು ಇನ್ನೊಮ್ಮೆ ಓದ್ರಿ” ಎಂದ ಗಂಗಪ್ಪ.

ಮಡಿವಾಳಪ್ಪ ಇನ್ನೊಮ್ಮೆ ಓದಿದ.

ಐವತ್ತೊಂಬತ್ತರ ಶ್ರಾವಣ. ಯಮನಪ್ಪನ ಮಗಳು ದುರಗವ್ವನ ಲಗ್ನ ಗೊತ್ತಾಗಿತ್ತು. ಅಳಿಯ ಅರ್ಜುನಪ್ಪ ರಾಯಾಪುರದವನು, ಅವನೂ ನೇಯುವವನೇ. ಸೋದರತ್ತೆಯ ಗಂಡನಾಗಿ ಏನು ಆಹೇರಿ ಮಾಡುವುದು, ಏನು ಉಡುಗೊರೆ ಕೊಡುವುದು ಎಂದು ಗಂಗಪ್ಪ ಯೋಚಿಸುತ್ತಿದ್ದಾಗ ಯಮನಪ್ಪನೇ ದಾರಿ ತೋರಿಸಿದ್ದ: ಗಿಳಿ ಈಗ ನಿನ್ನದಾಯಿತಲ್ಲ, ಅದನ್ನೇ ಕೊಡು. ಗಂಗಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಶ್ರಾವಣದ ಇಡೀ ತಿಂಗಳು ಮಧ್ಯಾಹ್ನದ ಹೊತ್ತು ಕೂತು ಒಂದೊಂದೇ ರಟ್ಟನ್ನು ಹೊಸ ರಟ್ಟಿನ ಮೇಲಿಟ್ಟು, ಕಾದ ಸೂಜಿಯಿಂದ ತೂತು ಇಳಿಸಿದ್ದ. ಅವನ ಅಜ್ಜ ಹೀಗೆಯೇ ಕೂತು ಪುರಾಣದ ಪ್ರತಿ ಮಾಡುತ್ತಿದ್ದನಂತೆ. ಪ್ರತಿ ಮಾಡಿದವನಿಗೆ ಪುಣ್ಯ, ಕೊಟ್ಟವನಿಗೆ ಇನ್ನೂ ಪುಣ್ಯ. ಆ ತಿಂಗಳಿಡೀ ಗಂಗಪ್ಪನ ಮನಸ್ಸು ಎಂಥ ತಂಪಾಗಿತ್ತು!

ಅದೇ ತಿಂಗಳು ಲಾವಣಿ ಮುರಿದಿತ್ತು. ಯಾರೂ ಹೇಳಲಿಲ್ಲ, ಏನೂ ಸದ್ದಾಗಲಿಲ್ಲ. ನಾಲ್ಕು ವರ್ಷ ಅವನು ನೇಯ್ದದ್ದೆಲ್ಲ ಕದ್ದ ಗಿಳಿಯನ್ನು. ಕದ್ದ ಗಿಳಿಯನ್ನೇ ನೇಯ್ದು, ಕ್ರಿಸ್ಮಸ್ಸಿಗೆ ಅದರ ಒಡೆಯನಿಗೇ ಉಡುಗೊರೆ ಕೊಟ್ಟು, ಕೈ ಮುಗಿದು ಬಂದಿದ್ದ.

“ನೀರು ಕುಡೀತೀರೇನ್ರಿ?” ಎಂದು ಮಡಿವಾಳಪ್ಪ ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಅಲ್ಲಿಂದ ನೆಟ್ಟಗೆ ಮೋಸೆಸ್ ಮಾಸ್ತರರ ಮನೆಗೆ ಹೋದ. ಮಾಸ್ತರರು ಪಡಸಾಲೆಯಲ್ಲಿ, ನಕ್ಷೆ ಸರಿಬಂತೋ ಇಲ್ಲವೋ ನೋಡಲು ಇಟ್ಟುಕೊಂಡಿದ್ದ ಸಣ್ಣ ಮಗ್ಗದ ಪಕ್ಕ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಕಣ್ಣಿಗೆ ಪೊರೆ ಬಂದು ಎದುರಿನವರ ಮುಖ ಹೊಗೆಯಾಗಿ ಕಾಣುವ ಕಾಲ ಅವರಿಗೆ.

“ಯಾರು, ಗಂಗಪ್ಪ ಏನು? ನಡಿಗೀಲೆ ಗುರ್ತು ಸಿಕ್ತು. ಬಾ, ಕೂಡು.”

ಗಂಗಪ್ಪ ಕೂಡಲಿಲ್ಲ. ನಿಂತೇ ಎಲ್ಲ ಹೇಳಿದ. ದತ್ತುವಿನ ಅಂಗಡಿ, ಮಾಸ್ತರರ ಮೇಲೆ ಪಟ್ಟ ಸಿಟ್ಟು, ಕಚೇರಿ, ಮೂರನೆಯ ಕಲಮು, ಆಹೇರಿ. ಮಾತಿನ ದನಿಗೆ ಒಳಗಿನಿಂದ ಅವರ ಹೆಂಡತಿ ಎಲಿಜಬೆತ್ ಬಾಯಿಯವರು ಕೈ ಒರೆಸಿಕೊಳ್ಳುತ್ತ ಬಂದರು. ಗಂಗಪ್ಪನ ಕೈಯಲ್ಲಿದ್ದ ಕರೆಂಟಿನ ಮಗ್ಗದ ಸೀರೆಯನ್ನು ತೆಗೆದುಕೊಂಡು ಕಿಟಕಿಯ ಬಳಿ ಹಿಡಿದರು.

“ಅಯ್ಯ, ಇವು ನಮ್ಮ ಕುರುಡ ಗಿಳಿ ಅಲ್ಲೇನು?”

“ಕುರುಡ ಅಂದ್ರ?” ಎಂದರು ಮಾಸ್ತರರು.

“ಕಣ್ಣಿಲ್ಲ ಇವಕ್ಕ. ಗಂಗಪ್ಪ ಕೊಡೂ ಸೀರಿಯೊಳಗೂ ಕಣ್ಣಿರೂದಿಲ್ಲ. ಆರು ಕ್ರಿಸ್ಮಸ್ ಆತು, ನಾ ಕುರುಡ ಗಿಳೀನ ಉಟ್ಟಗೊಂಡು ದೇವರ ಗುಡಿಗೆ ಹೋಗಾಕತ್ತೇನಿ. ಪಾಪ, ಪ್ರೀತಿಲೆ ತರತಾನ, ಹೇಳಿದರ ನೊಂದುಕೊಂಡಾನು ಅಂತ ಸುಮ್ಮನಿದ್ದೆ.”

ಗಂಗಪ್ಪ ಸೀರೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡ. ನೇಯುವಾಗ ಸೀರೆಯ ಬೆನ್ನು ಮೇಲಿರುತ್ತದೆ. ಮುಖ ನೆಲದ ಕಡೆಗೆ. ಹತ್ತು ವರ್ಷ ಅವನು ಗಿಳಿಯ ಬೆನ್ನನ್ನೇ ನೋಡಿದ್ದ. ದತ್ತುವಿನ ಅಂಗಡಿಯಲ್ಲೂ ಎರಡನ್ನು ಹೋಲಿಸಿದ್ದನೇ ಹೊರತು ಕಣ್ಣು ಹುಡುಕಿರಲಿಲ್ಲ. ಈಗ ಮುಖ ನೋಡಿದ. ಕಣ್ಣಿರಬೇಕಾದಲ್ಲಿ ಬರಿಯ ಹಸಿರು.

ಐವತ್ತೇಳರ ಮಳೆಗಾಲದಲ್ಲಿ ಮಾಳಿಗೆ ಸೋರಿ ಒಂದು ರಟ್ಟು ನೆನೆದಿತ್ತು. ಅದಕ್ಕೆ ತೇಪೆ ಹಚ್ಚಿ ತೂತುಗಳನ್ನು ತಾನೇ ಹೊಡೆದಿದ್ದ. ಅದರಲ್ಲಿ ಒಂದು ತಪ್ಪಿಹೋಗಿತ್ತು. ಆ ಒಂದು ತೂತೇ ಕಣ್ಣು. ಆಮೇಲೆ ಆಹೇರಿಯ ಪ್ರತಿಗೂ ಅದೇ ಕುರುಡು ಇಳಿದುಹೋಗಿತ್ತು. ಅಂದಮೇಲೆ ಗಾಡಿಗಟ್ಟಲೆ ಬಂದ ಸೀರೆಗಳು ಮಾಸ್ತರರ ಗಿಳಿಯಿಂದ ಹುಟ್ಟಿದವಲ್ಲ. ಅವನ ಗಿಳಿಯಿಂದಲೇ, ಅವನ ಕೈಯಿಂದಲೇ ಹುಟ್ಟಿದವು.

“ಮಾಸ್ತರ” ಎಂದ. ತೇಪೆ ಹಚ್ಚಿದ್ದನ್ನೂ ಹೇಳಿದ.

ಮೋಸೆಸ್ ಮಾಸ್ತರರು ಕುರ್ಚಿಯ ಕೈ ಸವರಿದರು. “ಲಾವಣಿ ಅಂತ ಯಾಕ ಬರದೆನೋ” ಎಂದರು. “ಬಾಡಿಗಿ ಅಂತ ಬರೀಬೇಕಂತ ಮಾಡಿದ್ದೆ. ಆದ್ರ ಬಾಡಿಗಿ ರಟ್ಟಿಗಾತು. ನಾ ಕೊಟ್ಟದ್ದು ರಟ್ಟಲ್ಲ ಗಂಗಪ್ಪ, ಗಿಳಿ. ರಟ್ಟು ಹರದು ಹೋಗಲಿ, ಇನ್ನೊಂದು ಹೊಡದುಕೊಟ್ಟೇನು. ಅದಕ್ಕೊಂದು ಶಬ್ದ ನಮ್ಮ ಮಾತಿನ್ಯಾಗ ನನಗ ಸಿಗಲಿಲ್ಲ. ಲಾವಣಿ ಹಿಡದಾಂವ ಉತ್ತು ಬೆಳಕೊಂಡು ತಿನ್ನಲಿ, ಹೊಲ ಮಾತ್ರ ಅಲ್ಲೇ ಇರಲಿ ಅಂತಾರಲ್ಲ, ಹಂಗಂದುಕೊಂಡು ಲಾವಣಿ ಅಂದೆ. ಹೊಲದ ಪ್ರತಿ ಯಾರಿಗೂ ತಗ್ಯಾಕ ಬರೂದಿಲ್ಲ. ಗಿಳೀದು ಬರತೈತಿ. ಅದನ್ನ ಮೂರನೇ ಕಲಮಿನ್ಯಾಗ ಬರದೆ. ನೀ ಅದಕ್ಕ ಕುಂಕುಮ ಹಚ್ಚಿದಿ.”

“ಪುರಾಣದ ಪ್ರತಿ ಮಾಡಿದಂಗ ಅಂತ ತಿಳಕೊಂಡಿದ್ದೆರಿ. ಪುಣ್ಯದ ಕೆಲಸ ಅಂತ.”

“ಪುರಾಣ ಬರದಾಂವ ಏನು ಉಂಡ, ಅವನ ಹೆಂಡರು ಮಕ್ಕಳು ಏನು ಉಂಡರು, ಯಾರರ ಕೇಳೀರೇನು?” ಮಾಸ್ತರರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಗಂಗಪ್ಪನಿಗೆ ತಡೆಯಲಾಗಲಿಲ್ಲ. “ನನ್ನ ಕಣ್ಣು ಹೋದವು. ಇನ್ನ ಹೊಸದು ತಗ್ಯಾಕ ಆಗೂದಿಲ್ಲ. ಇದ್ದದ್ದು ಅದೊಂದ ಗಿಳಿ. ಅದನ್ನ ಯಾರರ ಪೂರಾ ಖರೀದಿ ಮಾಡ್ತಾರೇನೋ ಅಂತ ಇಬ್ಬರೂ ಹಾದಿ ನೋಡಾಕತ್ತಿದ್ದಿವಿ. ಗಾಡಿಗಟ್ಟಲೆ ಸಿಗೂದನ್ನ ಇನ್ನ ಯಾರು ತಗೋತಾರ?”

ಗಂಗಪ್ಪ ಹಣೆಯನ್ನು ಹೊಸ್ತಿಲಿಗೆ ಹಚ್ಚಿ ಎದ್ದ.

“ರಾಯಾಪುರಕ್ಕ ಹೋಗಿ ಆ ಸರ ತರತೇನ್ರಿ. ಅಲ್ಲಿಗೆ ನಿಲ್ಲತೈತಿ.”

ಧಾರವಾಡದ ಬಸ್ಸು ಹಿಡಿದು ರಾಯಾಪುರದಲ್ಲಿ ಇಳಿದಾಗ ನಡುಹಗಲು. ಅರ್ಜುನಪ್ಪ ಮನೆಯಲ್ಲಿರಲಿಲ್ಲ. ತನ್ನ ಮಗ್ಗ ಮಾರಿ ಎರಡು ವರ್ಷವಾಗಿತ್ತು. ರಸ್ತೆಯಂಚಿನ ತಗಡಿನ ಶೆಡ್ಡಿನಲ್ಲಿ ಕೂಲಿಗೆ ಸೇರಿದ್ದ. ದೂರದಿಂದಲೇ ಕಿವಿ ಕಿತ್ತುಹೋಗುವ ಸದ್ದು. ಗಂಗಪ್ಪ ಬಾಗಿಲಲ್ಲಿ ನಿಂತು ಒಳಗೆ ನೋಡಿದ.

ಹನ್ನೆರಡು ಮಗ್ಗ. ಹನ್ನೆರಡರ ನೆತ್ತಿಯ ಮೇಲೂ ರಟ್ಟಿನ ಸರ. ಹನ್ನೆರಡೂ ಒಂದೇ ತಾಳದಲ್ಲಿ ತಿರುಗುತ್ತಿದ್ದವು, ಹನ್ನೆರಡರ ಕೆಳಗೂ ಗಿಳಿ ಇಳಿಯುತ್ತಿತ್ತು. ಬಾಗಿಲ ಬಳಿ ಮಡಿಸಿಟ್ಟಿದ್ದ ಸೀರೆಗಳಲ್ಲಿ ಒಂದು ಗಿಳಿಗೂ ಕಣ್ಣಿರಲಿಲ್ಲ.

ಅರ್ಜುನಪ್ಪ ಓಡಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. “ಬರ್ರಿ ಮಾವ! ಏನು ಅಪರೂಪ! ನೋಡ್ರಿ, ನಿಮ್ಮ ಆಹೇರಿ ಎಷ್ಟು ಮಂದಿ ಹೊಟ್ಟಿ ತುಂಬಸಾಕತ್ತೇತಿ.”

“ಇವೆಲ್ಲ ಎಲ್ಲಿಂದ ಬಂದ್ವು?”

“ನಾ ಕೆಲಸಕ್ಕ ಬರೂವಾಗ ಸರ ತಂದಿದ್ದೆ. ಮಾಲಕರು ನೋಡಿ, ಛಲೋ ಐತಿ ಅಂದ್ರು. ಮೆಶಿನ್ನಿಗೆ ಹೊಂದೂವಂಗ ಒಂದು ಮಾಡಿಸಿದ್ರು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಧಾರವಾಡದ ಕಡೆ ಒಬ್ಬರು ಒಯ್ದಾರ, ಗದಗಿಗೂ ಹೋಗೇತಂತ.” ಗಂಗಪ್ಪನ ಮುಖ ನೋಡಿ ಅವನ ಮಾತು ನಿಧಾನವಾಯಿತು. “ಯಾಕ್ರಿ ಮಾವ? ಆಹೇರಿ ಬಂದದ್ದು ನಮ್ಮದಲ್ಲೇನ್ರಿ?”

ಗಂಗಪ್ಪ ಅವನನ್ನು ಬೈಯಬೇಕೆಂದು ಬಾಯಿ ತೆರೆದ. ಅರ್ಜುನಪ್ಪನ ಕಣ್ಣಲ್ಲಿ ಕಪಟದ ಎಳೆಯೂ ಇರಲಿಲ್ಲ. ಐವತ್ತೊಂಬತ್ತರ ಶ್ರಾವಣದಲ್ಲಿ ತನ್ನ ಕಣ್ಣಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮಗ್ಗಗಳ ಮೇಲ್ವಿಚಾರಣೆಯ ಶಾಬುದ್ದೀನ ಎಣ್ಣೆಯ ಕೈ ಒರೆಸುತ್ತ ಬಂದ. ನೇಯುವ ಕೈಯನ್ನು ನೋಡಿದರೆ ಗುರುತಿಸುವ ಮನುಷ್ಯ. “ಕೈಮಗ್ಗದವರೇನ್ರಿ ಕಾಕಾ? ಈ ನಕ್ಷಿ ಬೇಕಾಗಿತ್ತೇನು? ಅದಕ್ಯಾಕ ಅಷ್ಟು ಸಂಕೋಚ? ಅರ್ಜುನಪ್ಪ ತಂದ ಹಳೀ ಸರ ಹಂಗ ಮೂಲ್ಯಾಗ ಬಿದ್ದೈತಿ, ಕೈಮಗ್ಗಕ್ಕ ಬರತೈತಿ. ಪುಕ್ಕಟ ಒಯ್ಯಿರಿ. ಊರ ಗಿಳಿ ಇದು, ಯಾರ ಅಪ್ಪಂದು?”

ಮೂಲೆಯಲ್ಲಿ ಧೂಳು ಹತ್ತಿ ಬಿದ್ದಿತ್ತು, ವಿಭೂತಿ ಹಚ್ಚಿದ ಬೆರಳು ಒಂದು ತಿಂಗಳು ಹೊಡೆದ ಸರ. ಒಯ್ದರೆ ಯಾರೂ ಕೇಳುವುದಿಲ್ಲ. ನಾಳೆ ಮಾಸ್ತರರು ತಮ್ಮ ಸರ ತಿರುಗಿ ಕೇಳಿದರೂ ಗಿಳಿ ಅವನ ಮಗ್ಗದ ಮೇಲೆ ಉಳಿಯುತ್ತದೆ. ಗಂಗಪ್ಪ ತರುತ್ತೇನೆಂದು ಬಂದದ್ದೂ ಅದೇ ಸರವನ್ನು, ಆದರೆ ಹನ್ನೆರಡು ಮಗ್ಗಕ್ಕೆ ಹರಡಿದ ಮೇಲೆ ಅದೊಂದನ್ನು ಒಯ್ದರೆ ಏನೂ ನಿಲ್ಲದು.

“ಇದರ ಅಪ್ಪ ಅದಾನ್ರಿ” ಎಂದ. “ಹುಬ್ಬಳ್ಳ್ಯಾಗ ಕುರ್ಚಿ ಮ್ಯಾಲ ಕುಂತಾನ. ಮೋಸೆಸ್ ಅಂತ ಹೆಸರು.”

ಶಾಬುದ್ದೀನ ಅರ್ಥವಾಗದೆ ಅರ್ಜುನಪ್ಪನ ಮುಖ ನೋಡಿದ. ಗಂಗಪ್ಪ ಬರಿಗೈಯಲ್ಲಿ ರಸ್ತೆಗೆ ಬಂದು ಬಸ್ಸಿಗೆ ಕಾದ.

ಆ ಸಂಜೆ ಅವನು ತನ್ನ ಮಗ್ಗವನ್ನೇರಿ ರಟ್ಟಿನ ಸರ ಇಳಿಸತೊಡಗಿದಾಗ ಶೇವಂತೆವ್ವ ಕಂಬಕ್ಕೊರಗಿ ನಿಂತಿದ್ದಳು. “ಹಿಂಗ ಮಾಡಬ್ಯಾಡ್ರಿ” ಎಂದಳು ಒಮ್ಮೆ. “ಹನ್ನೆರಡು ಮಂದಿ ಮಾಡೂದು ಬಿಟ್ಟಾರೇನು, ನೀವೊಬ್ಬರು ಬಿಡಾಕ?” ಗಂಗಪ್ಪ ಸರವನ್ನು ಮಡಿಸಿ ಧೋತರದಲ್ಲಿ ಕಟ್ಟಿದ. ಅವಳು ಬೋಳು ಮಗ್ಗವನ್ನು ನೋಡಲಾರದೆ ಹಿತ್ತಲಿಗೆ ಹೋದಳು.

ಮಾಸ್ತರರ ಮುಂದೆ ಗಂಟನ್ನಿಟ್ಟು, “ಹನ್ನೆರಡು ಮಗ್ಗರಿ. ಇನ್ನೆಲ್ಲೆಲ್ಲಿಗೋ ಹೋಗೇತಂತ. ನಿಲ್ಲಸಾಕ ನನ್ನಿಂದಾಗಲಿಲ್ಲ” ಎಂದ. ಪುಕ್ಕಟೆ ಕೊಡಲು ಬಂದದ್ದನ್ನೂ ಹೇಳಿದ.

“ಹನ್ನೆರಡು!” ಎಂದರು ಮಾಸ್ತರರು. ಮಸುಕು ಕಣ್ಣುಗಳು ಎಲ್ಲಿಯೋ ನೆಟ್ಟವು. “ನಾ ಆರು ತಿಂಗಳು ಕುಂತು ಒಂದು ಗಿಳಿ ಮಾಡಿದೆ.” ತಡವಿ ತಡವಿ ಗಂಟಿನ ಮೇಲೆ ಕೈಯಿಟ್ಟರು. “ಲಾವಣಿ ಮತ್ತ ಹಾಕೂದಿಲ್ಲ ಗಂಗಪ್ಪ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಹೊಸ್ತಿಲಾ ದಾಟಿಸಿ ಇದನ್ನ ಇನ್ನ ಯಾರ ಕೈಗೂ ಕೊಡಾಕ ನನಗ ಧೈರ್ಯ ಇಲ್ಲ.”

“ನಾ ಕೇಳಾಕ ಬಂದಿಲ್ರಿ.”

“ಕೇಳು ಪೂರಾ. ಗಿಳಿ ಹೊಸ್ತಿಲಾ ದಾಟೂದಿಲ್ಲ ಅಂದೆ. ನೀ ದಾಟಬಹುದಲ್ಲ?” ಪಕ್ಕದ ಸಣ್ಣ ಮಗ್ಗವನ್ನು ತಟ್ಟಿದರು. “ಇಲ್ಲೇ ಬಂದು ಕೂಡು. ಸರ ಈ ಮನ್ಯಾಗ ಇರತೈತಿ, ನೀ ನೇಯಿ, ಅರಿವಿ ಒಯ್ಯಿ. ನಮಗೂ ಒಂದು ಪಾಲು ಬರತೈತಿ. ಯಾರಿಗೂ ಈ ದಾರಿ ಕೊಟ್ಟಿಲ್ಲ ನಾ. ಸ್ವಂತ ಮಗ್ಗದಾಂವ ನೀನು, ಮಂದಿ ಮನ್ಯಾಗ ಕುಂತು ನೇಯೂದು ಸಣ್ಣತನ ಅನಸಿದರ ಬ್ಯಾಡ.”

ಗಂಗಪ್ಪನ ವಂಶದಲ್ಲಿ ಯಾರೂ ಪರರ ಪಡಸಾಲೆಯಲ್ಲಿ ಕೂತು ನೇಯ್ದಿರಲಿಲ್ಲ. ಕರೆಂಟಿನ ಸೀರೆಯ ಮುಂದೆ ಇದು ಎಷ್ಟು ಮಾರಾಟವಾದೀತೆಂದು ಶಿವನೇ ಬಲ್ಲ. ಕಡೆಗೆ ಕೇಳಿದ್ದು ಒಂದೇ ಮಾತು.

“ಎಷ್ಟು ಹೊತ್ತಿಗೆ ಬರ್ಲಿ?”

ಸೋಮವಾರ ಮುಂಜಾನೆ ಅವನು ತನ್ನ ಲಾಳಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತದೆ, ಕೈಯಲ್ಲೇ ಹಿಡಿದು ಪೇಟೆಯ ನಡುವಿನಿಂದ ಹೊರಟ. ದತ್ತು ಅಂಗಡಿಯ ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದ.

“ಲಾಳಿ ಹಿಡಕೊಂಡು ಎಲ್ಲಿಗ್ರಿ ಕಾಕಾ, ಬೆಳಬೆಳಗ್ಗೆ?”

“ಮೋಸೆಸ್ ಮಾಸ್ತರ ಮನಿಗಪಾ. ಇನ್ನ ಅಲ್ಲೇ ಕುಂತು ನೇಯತೇನಿ.”

“ಯಾಕ? ನಿಮ್ಮ ಮಗ್ಗಕ್ಕ ಏನಾತು?”

ಏನು ಬೇಕಾದರೂ ಹೇಳಬಹುದಿತ್ತು. ಗೆದ್ದಲು ಹಿಡಿಯಿತು ಎನ್ನಬಹುದಿತ್ತು, ಮಾಳಿಗೆ ಸೋರಿತು ಎನ್ನಬಹುದಿತ್ತು. ಎದುರಿನ ಬಾಗಿಲಲ್ಲಿ ಇಬ್ಬರು ಹೆಂಗಸರು ಕಸಬರಿಗೆ ನಿಲ್ಲಿಸಿ ಕೇಳುತ್ತಿದ್ದರು.

“ಮಗ್ಗ ಗಟ್ಟಿ ಐತಿ” ಎಂದ ಗಂಗಪ್ಪ. “ಅದರ ಮ್ಯಾಲಿದ್ದ ಗಿಳಿ ನಾಲ್ಕು ವರ್ಷದಿಂದ ನಂದಾಗಿರಲಿಲ್ಲ. ನಾ ಕದ್ದಿದ್ದೆ. ಗಾಡ್ಯಾಗ ಬಂದಾವಲ್ಲ, ಅವೂ ನಾ ಕದ್ದದ್ದರಿಂದ ಹುಟ್ಟಿದವು.”

ದತ್ತುವಿನ ಕೈಯಿಂದ ತಂಬಿಗೆ ಜಾರಿ ಮೆಟ್ಟಿಲ ಮೇಲೆ ಠಣ್ಣೆಂದು ಉರುಳಿತು. ಗಂಗಪ್ಪ ಬಾಗಿ ತಂಬಿಗೆಯನ್ನು ಎತ್ತಿ, ಅವನ ಕೈಗೆ ಕೊಟ್ಟು, ಹೊತ್ತಾಯಿತೆಂದು ನಡೆದ.